ಎದುರಾಳಿಯ ಮನೆಯ ರೊಟ್ಟಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನಗಳಲ್ಲಿ ನಾನು ಡೈರಿ ಇಟ್ಟಿದ್ದೆ ನಿಜ. ಆದರೆ ಅದರಲ್ಲಿ ಹೆಚ್ಚಾಗಿ ಇರುವುದು ಚೌಕಗಳ ಚಿತ್ರ, ಬಾಣದ ಗುರುತು, ‘ನೀರು ಇಲ್ಲೇ ಯಾಕೆ ನಿಂತಿತು?’ ಎಂಬಂಥ ಟಿಪ್ಪಣಿ. ಯಾರು ಏನು ಅಂದರು ಎಂಬುದನ್ನು ಬಹಳಷ್ಟು ಕಡೆ ಆಮೇಲೆ ನೆನಪಿನಿಂದ ತುಂಬಿದ್ದೇನೆ. ಆ ನೆನಪು ನನಗೆ ಅನುಕೂಲವಾದದ್ದನ್ನೇ ತುಂಬುತ್ತದೆ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ನಾನು ಊರಿಗೆ ಹೋದ ದಿನ ನನ್ನ ಸಣ್ಣವ್ವ ಉಟ್ಟಿದ್ದ ಸೀರೆ ಹಸಿರು ಎಂದು ಡೈರಿಯಲ್ಲಿದೆ. ನನ್ನ ಕಣ್ಣಮುಂದೆ ಬರುವುದು ನೀಲಿ. ಎರಡರಲ್ಲಿ ಯಾವುದನ್ನು ನಂಬಬೇಕೋ ಗೊತ್ತಾಗದೆ ಸೀರೆಯ ವಿಷಯ ಬಿಟ್ಟು ಮುಂದೆ ಹೋಗುತ್ತೇನೆ.

ಶಹಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾವು ನಾಲ್ವರು ವಿಡಿಯೋ ಗೇಮ್ ಮಾಡುತ್ತಿದ್ದೆವು. ಮುಖ್ಯಸ್ಥರು, ಚಿತ್ರ ಬರೆಯುವವರು, ಪ್ರೋಗ್ರಾಂ ಬರೆಯುವ ಹುಡುಗಿ, ಮತ್ತು ನಾನು. ಮುಖ್ಯಸ್ಥರು ಮೊದಲೇ ಒಂದು ಆಟ ಮಾಡಿ ಹೊರಗೆ ಬಿಟ್ಟಿದ್ದರು. ಅದು ಇಂಗ್ಲಿಷಿನ ಆಟ, ಬಹಳ ಗಂಭೀರವಾದದ್ದು. ಚದುರಂಗದ ಹಾಸಿನಂತೆ ಚೌಕಗಳಿರುವ ನೆಲ. ಅದರ ಮೇಲೆ ಸರದಿಯ ಪ್ರಕಾರ ನಡೆಯುವ ಯುದ್ಧ. ನಮ್ಮ ಕಡೆ ಕಬ್ಬಿಣದ ಕವಚದ ದಂಡನಾಯಕಿ, ಮುಟ್ಟಿದ್ದನ್ನು ಹೆಪ್ಪುಗಟ್ಟಿಸುವ ಹಿಮಮಾಂತ್ರಿಕ, ಕುರುಡ ಬಿಲ್ಲುಗಾರ, ಗಾಯ ಮಾಯಿಸುವ ಸನ್ಯಾಸಿನಿ. ಎದುರಿಗೆ ಕತ್ತಲ ಸಾಮ್ರಾಟ ಮತ್ತು ಅವನ ರಾಕ್ಷಸ ಪಡೆ. ಒಬ್ಬರೂ ನಗುವುದಿಲ್ಲ.

ಮುಖ್ಯಸ್ಥರಿಗೆ ಒಂದು ವಿಚಾರ ಬಂತು. ಇದೇ ವೀರರು ಬೇರೊಂದು ಲೋಕದಲ್ಲಿ, ನಮ್ಮ ಕಾಲುವೆಯ ಕಟ್ಟಕಡೆಯ ಊರಿನಲ್ಲಿ ಹುಟ್ಟಿದ್ದರೆ ಹೇಗಿರುತ್ತಿತ್ತು? ಅದನ್ನು ನಗೆಯ ಆಟವಾಗಿ, ಕನ್ನಡದಲ್ಲಿ ಮಾಡಬೇಕು. ಮಾತು ಬರೆಯುವುದು, ಚೌಕಗಳನ್ನು ಹೊಂದಿಸುವುದು ನನ್ನ ಕೆಲಸ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದವಳು ಅದನ್ನು ಬಿಟ್ಟು ಬಂದಿದ್ದೆ. ಆ ಹಂಗಾಮಿನಲ್ಲಿ ಕಾಲುವೆಗೆ ನೀರು ಬಿಡುವುದು ನಿಲ್ಲುವುದರೊಳಗೆ ಆಟ ನಾಲ್ಕು ಜನ ಕೂತು ಆಡುವಂತಾಗಬೇಕು, ಇಲ್ಲದಿದ್ದರೆ ಇಂಗ್ಲಿಷಿಗೇ ಮರಳೋಣ, ಕನ್ನಡದ ಮಾತು ಮತ್ತೆ ಎತ್ತುವುದು ಬೇಡ ಎಂದು ಅವರು ಮೊದಲೇ ಹೇಳಿದ್ದರು. ಕನ್ನಡ ಹೋದರೆ ಅಲ್ಲಿ ನನಗೂ ಕೆಲಸವಿಲ್ಲ. ಆದರೆ ನಾನು ಹೆದರಿದ್ದು ಅದಕ್ಕಲ್ಲ ಎಂದು ಈಗ ಅನ್ನಿಸುತ್ತದೆ. ಕನ್ನಡದಲ್ಲಿ ಇಂಥದ್ದು ಆಗುವುದಿಲ್ಲ ಎಂಬ ಮಾತಿಗೆ ನಾನೇ ಸಾಕ್ಷಿಯಾಗುತ್ತೇನಲ್ಲ ಎಂದು ಹೆದರಿದ್ದೆ.

ಬರೆಯಲು ಶುರುಮಾಡಿದಾಗ ಬಹಳ ಸಲೀಸು ಅನ್ನಿಸಿತು. ದಂಡನಾಯಕಿ ಹೈಸ್ಕೂಲಿನ ಪಿ.ಟಿ. ಟೀಚರಾದಳು, ಕವಚದ ಬದಲು ಕೊರಳಲ್ಲಿ ಸೀಟಿ. ಹಿಮಮಾಂತ್ರಿಕ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಐಸ್‌ಕ್ಯಾಂಡಿ ಮಾರುವವನಾದ. ಕುರುಡ ಬಿಲ್ಲುಗಾರ ಕನ್ನಡಕ ಮನೆಯಲ್ಲೇ ಮರೆತು ಬಂದು, ಕವಣೆ ಬೀಸಿ ಜೋಳದ ಹೊಲದ ಹಕ್ಕಿ ಓಡಿಸುವ ಮುದುಕನಾದ. ಸನ್ಯಾಸಿನಿ ರೊಟ್ಟಿ ಬಡಿಯುವ ಅವ್ವನಾದಳು. ಕತ್ತಲ ಸಾಮ್ರಾಟ ಮೇಲಿನ ಊರಿನಲ್ಲಿ ಭತ್ತ ಬೆಳೆಯುವ ಸಾಹುಕಾರನಾದ. ಅವನ ರಾಕ್ಷಸ ಪಡೆ ಅವನ ಅಳಿಯಂದಿರಾದರು. ಚಿತ್ರ ಬರೆಯುವವರು ರಾಕ್ಷಸರ ಕೊಂಬು ತೆಗೆದು ಟವೆಲ್ ಸುತ್ತಿದರು. ಮುಖ ಹಾಗೇ ಬಿಟ್ಟರು.

ನಿಯಮಗಳು ಹೀಗಿದ್ದವು. ಹಾಸಿನ ಮೇಲ್ತುದಿಯಿಂದ ಕಾಲುವೆ ಬರುತ್ತದೆ. ನೀರು ಒಂದು ಸುತ್ತಿಗೆ ಒಂದೊಂದೇ ಚೌಕ ಇಳಿಯುತ್ತದೆ. ದಾರಿಯಲ್ಲಿ ಎದುರಾಳಿಗಳ ಹೊಲದ ತೂಬುಗಳಿವೆ. ತೆರೆದ ಪ್ರತಿ ತೂಬೂ ತನ್ನ ಪಾಲನ್ನು ಎಳೆದುಕೊಳ್ಳುತ್ತದೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಚಾಲು-ಬಂದ್ ಪದ್ಧತಿಯನ್ನೇ ಇಟ್ಟೆವು: ಎಂಟು ಸುತ್ತು ನೀರು ಚಾಲು, ನಾಲ್ಕು ಸುತ್ತು ಬಂದ್. ಚಾಲು ಮುಗಿಯುವುದರೊಳಗೆ ಕಡೆಯ ಹೊಲದ ಚೌಕ ನೆನೆಯದಿದ್ದರೆ ನಾವು ಸೋತಂತೆ. ಮೂಲ ಆಟದಲ್ಲಿ ಪ್ರಾಣಶಕ್ತಿ ಇದ್ದ ಕಡೆ ಇಲ್ಲಿ ‘ಹೊಟ್ಟೆ’. ಸುತ್ತಿಗೊಂದು ಅಂಕ ಇಳಿಯುತ್ತದೆ. ರೊಟ್ಟಿಯ ಅವ್ವನ ಪಕ್ಕದ ಚೌಕಕ್ಕೆ ಬಂದರೆ ತುಂಬುತ್ತದೆ.

ಮೊದಲ ಹಿನ್ನಡೆ ನೀರಿನದೇ. ನಮ್ಮ ಪ್ರೋಗ್ರಾಂ ಹುಡುಗಿ ದೋರನಹಳ್ಳಿಯವಳು, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದಳು. ತೂಬುಗಳನ್ನು ಅವಳು ಯಂತ್ರಕ್ಕೆ ಹೇಳಿದ ಕ್ರಮ ಕಾಲುವೆಯ ಕ್ರಮವಾಗಿರಲಿಲ್ಲ, ನಾನು ಚಿತ್ರ ಬರೆದುಕೊಟ್ಟ ಕ್ರಮವಾಗಿತ್ತು. ನಾನು ನಮ್ಮವರ ಹೊಲವನ್ನೇ ಮೊದಲು ಬರೆದಿದ್ದೆ. ಹಾಗಾಗಿ ನೀರು ಬಿಟ್ಟ ಕೂಡಲೇ ಕಡೆಯ ಹೊಲ ತುಂಬಿ ತುಳುಕಿತು, ಮೇಲಿನ ಭತ್ತ ಒಣಗಿತು. ಕೆಳಗಿನ ಅಂಗಡಿಗೆ ಹತ್ತಿ ಬೀಜಕ್ಕೆ ಬಂದಿದ್ದ ರೈತರೊಬ್ಬರು ಮೆಟ್ಟಿಲು ಹತ್ತಿ ಬಂದು ಇದನ್ನು ನೋಡಿದರು.

“ಇದ್ಯಾವ ಕಾಲುವಿ ತಂಗಿ? ಕಡಿ ಹೊಲಕ್ಕ ಮೊದಲ ನೀರು ಬಂದದ್ದು ನಾ ಹುಟ್ಟಿದಾಗಿಂದ ಕಂಡಿಲ್ಲ. ಇದರ ಆಫೀಸು ಎಲ್ಲೈತಿ ಹೇಳು, ನಾಳಿ ಅಲ್ಲೇ ಹೋಗಿ ಅರ್ಜಿ ಕೊಡ್ತೀನಿ.”

ಹುಡುಗಿ ನಗಲಿಲ್ಲ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ತೂಬಿನ ಮುಂದೆ ಯಾವುದು ಎಂದು ಒಂದೊಂದಾಗಿ ಕೇಳಿ ತಿದ್ದಿದಳು. ಹೋಗುವಾಗ ಅವರು ಬೀಜದ ಚೀಲವನ್ನು ಮರೆತು ಹೋಗಿ ಮತ್ತೆ ಬಂದರು. ಕೇಳಿ ತಿದ್ದಿಕೊಳ್ಳುವ ಅವಳ ಗುಣಕ್ಕೆ ನಾನು ಆಗಲೇ ಸೋತಿದ್ದೆ. ನನ್ನ ಬರಹವನ್ನು ಯಾರಾದರೂ ಹಾಗೆ ತೆಗಳಿದರೆ ಎರಡು ದಿನ ಮಾತು ಬಿಡುವವಳು ನಾನು.

ಎರಡನೆಯ ಹಿನ್ನಡೆ ಇನ್ನೂ ದೊಡ್ಡದು. ಮೂಲ ಆಟ ಆಡಿ ಗೊತ್ತಿದ್ದ ನಾಲ್ವರು ಡಿಗ್ರಿ ವಿದ್ಯಾರ್ಥಿಗಳನ್ನು ಕರೆಸಿ ಕೂರಿಸಿದೆವು. ನಾನು ಬರೆದ ಮಾತುಗಳನ್ನು ಓದಿ ಮೊದಲ ಸುತ್ತಿನಲ್ಲಿ ನಕ್ಕರು. ಎರಡನೆಯ ಸುತ್ತಿನಲ್ಲಿ ಓದುವುದನ್ನು ಬಿಟ್ಟರು. ಮೂರನೆಯ ಸುತ್ತಿನಲ್ಲಿ ಪಿ.ಟಿ. ಟೀಚರು, ಐಸ್‌ಕ್ಯಾಂಡಿಯವನು, ಮುದುಕ ಎಲ್ಲರೂ ಕಾಲುವೆಯ ಏರಿ ಹಿಡಿದು ಮೇಲೆ ಓಡಿ ಸಾಹುಕಾರನನ್ನು ಹೊಡೆದು ಕೆಡವಿದರು. ತೂಬು ಮುಚ್ಚಿತು, ನೀರು ಬಂತು, ಆಟ ಮುಗಿಯಿತು. “ಮೇಡಂ, ಇದು ಹಳೇ ಆಟನೇ ಐತಲ್ರಿ. ಅಂಗಿ ಒಂದು ಬದಲಾಗ್ಯದ,” ಎಂದ ಒಬ್ಬ.

ಮುಖ್ಯಸ್ಥರು ಅವರನ್ನೆಲ್ಲ ಮೆಟ್ಟಿಲವರೆಗೆ ಕಳಿಸಿ ಬಂದರು. ಆಮೇಲೆ ಒಂದೇ ಮಾತು ಹೇಳಿದರು. “ನಗಿ ನಿಮ್ಮ ಮಾತಿನ್ಯಾಗ ಐತ್ರಿ ಮೇಡಂ, ಆಟದಾಗ ಇಲ್ಲ.”

ಡೈರಿಯಲ್ಲಿ ಈ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಕಾಲುವೆ ನಿಲ್ಲಲು ಆಗ ಹನ್ನೆರಡು ದಿನ ಉಳಿದಿತ್ತು.

ಮರುದಿನ ಲ್ಯಾಪ್‌ಟಾಪ್ ಹೊತ್ತು ಸಣ್ಣವ್ವನ ಊರಿಗೆ ಹೋದೆ. ನನ್ನ ತಾಯಿಯ ತಂಗಿ ಅವಳು. ಬೋನಾಳದ ಕೆರೆಯ ಆಚೆ, ಕಾಲುವೆ ಹೆಸರಿಗೆ ಮಾತ್ರ ಉಳಿಯುವ ಕಡೆ ಅವರ ಎರಡೆಕರೆ ಹೊಲ. ಸಹಾಯ ಕೇಳಲು ಹೋದೆ ಎಂದು ಬರೆದರೆ ಕತೆಗೆ ಚೆನ್ನಾಗಿ ಹೊಂದುತ್ತದೆ. ನಿಜವಾಗಿ ಹೋದದ್ದು, ಯಾರ ಮುಖವನ್ನೂ ನೋಡುವುದು ಬೇಡ ಅನ್ನಿಸಿದ್ದರಿಂದ.

ಊಟವಾದ ಮೇಲೆ ಅವಳೇ ಕೇಳಿದಳು. “ಏನ್ ಮಾಡಾಕತ್ತೀದಿ ತೋರಿಸು. ಎಂ.ಎ. ಮುಗಿಸಿ ಬಂದು ಚೌಕಾಬಾರಾ ಆಡಾಕತ್ಯಾಳ ಅಂತ ನಿಮ್ಮವ್ವ ಅಳ್ತಿದ್ಳು ಫೋನಿನ್ಯಾಗ.”

ಪಡಸಾಲೆಯಲ್ಲಿ ಜೋಳದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು ಹೇಳಿಕೊಟ್ಟೆ. ಸಣ್ಣವ್ವ ಏಳನೆಯ ಇಯತ್ತೆ ಓದಿದವಳು. ಮಾತುಗಳನ್ನು ತುಟಿ ಅಲ್ಲಾಡಿಸಿ ಓದಿದಳು. ಪರದೆ ಮುಟ್ಟುವ ಮೊದಲು ಪ್ರತಿ ಸಲ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಹೊಡೆಯುವ ಗುಂಡಿಯನ್ನು ತೋರಿಸಿದೆ. ಅದನ್ನು ಅವಳು ಮುಟ್ಟಲೇ ಇಲ್ಲ. ಟೀಚರನ್ನು ಒಂದು ತೂಬಿನ ಮೇಲೆ, ಐಸ್‌ಕ್ಯಾಂಡಿಯವನನ್ನು ಇನ್ನೊಂದರ ಮೇಲೆ, ಮುದುಕನನ್ನು ಸಾಹುಕಾರನ ಸ್ವಂತ ತೂಬಿನ ಮೇಲೆ ಕೂರಿಸಿದಳು. ಆಮೇಲೆ ಕೈಕಟ್ಟಿ ಕೂತು ಸುತ್ತು ಮುಗಿಸುತ್ತ ಹೋದಳು. ತೂಬಿನ ಮೇಲೆ ಆಳಿದ್ದರೆ ಅದು ತೆರೆಯುವುದಿಲ್ಲ ಎಂಬ ಸಣ್ಣ ನಿಯಮವೊಂದಿತ್ತು. ನಾವು ಯಾರೂ ಅದನ್ನು ಬಳಸಿಯೇ ಇರಲಿಲ್ಲ. ನೀರು ಸರಾಗವಾಗಿ ಇಳಿಯತೊಡಗಿತು.

ಐದನೆಯ ಸುತ್ತಿನಲ್ಲಿ ಮುದುಕ ಬಿದ್ದ.

“ಇಂವ ಯಾಕ ಬಿದ್ದ?”

“ಹಸಿವಾಗಿ, ಸಣ್ಣವ್ವ. ರೊಟ್ಟಿ ಅವ್ವನ ಬಾಜೂಕ ಬಂದು ಉಂಡು ಹೋಗಬೇಕು.”

“ಆಕಿ ಇಲ್ಲಿ ಕೆಳಗದಾಳ. ಇಂವ ಅಲ್ಲಿ ಕೂತಾನ. ಅಷ್ಟು ದೂರ ಉಣ್ಣಾಕ ಬಂದ್ರ ತೂಬು ಯಾರು ಕಾಯಬೇಕು?” ಮತ್ತೆ ಪರದೆಯನ್ನು ನೋಡಿ ಕೇಳಿದಳು. “ಇಂವ ಕೂತಿದ್ದು ಯಾರ ತೂಬಿನ ಮ್ಯಾಲ?”

“ಸಾಹುಕಾರಂದು.”

“ಮತ್ತ ಅವರ ಮನ್ಯಾಗ ಒಲಿ ಹಚ್ಚಂಗಿಲ್ಲೇನು?”

ನನಗೆ ಅರ್ಥವಾಗಲಿಲ್ಲ. ಅವಳು ನಾನೇ ದಡ್ಡಿ ಎಂಬಂತೆ ನೋಡಿ ಹೇಳಿದಳು. ಕಾಲುವೆ ಬಂದ ಹೊಸದರಲ್ಲಿ ತೂಬಿನ ಸಲುವಾಗಿ ದಿನಾ ಜಗಳ, ತಲೆ ಒಡೆದುಕೊಳ್ಳುವವರೆಗೆ. ಆಮೇಲೆ ಆಚೀಚೆಯ ಊರ ಹಿರಿಯರು ಕೂತು ಒಂದು ರೀತಿ ಮಾಡಿದರು. ಕಡೆಯ ಊರಿನ ಪಾಳಿ ಬಂದಾಗ ಮೇಲಿನ ಪ್ರತಿ ತೂಬಿಗೆ ಕೆಳಗಿನವರ ಒಬ್ಬೊಬ್ಬ ಆಳು ಹೋಗಿ ಕೂರಬೇಕು. ಯಾರ ತೂಬಿನ ಮೇಲೆ ಕೂತಿದ್ದಾನೋ ಆ ಮನೆಯವರೇ ಅವನಿಗೆ ಊಟ ಹಾಕಬೇಕು.

“ತಮ್ಮ ನೀರು ತಡದಾವಗ ತಾವ ಊಟ ಹಾಕೋದಾ?”

“ಅದರಾಗ ಐತಿ ಹಕೀಕತ್ತು. ಕೂಳು ಹಾಕಿದ ಕೈಲೆ ಅವನೆದುರಿಗೆ ತೂಬು ತಗಿಯಾಕ ಬರಂಗಿಲ್ಲ. ಉಂಡಾವಗೂ ನಾಳಿ ಹೋಗಿ ಇವರು ಕಳ್ಳರು ಅನ್ನಾಕ ಬಾಯಿ ಬರಂಗಿಲ್ಲ.” ನಂತರ ಏನೋ ನೆನಪಾಗಿ ನಕ್ಕಳು. “ಅದರಾಗೂ ಶಾಣ್ಯಾರು ಇದ್ರು ಬಿಡು. ನಮ್ಮೂರ ಮ್ಯಾಲಿನ ಓಣ್ಯಾವ ಒಬ್ಬ ಕಾಯಾಕ ಹೋದ್ರ, ಹೋಳಿಗಿ ಮಾಡಿ ಹಾಕಿದ್ರಂತ. ಮೂರು ಹೋಳಿಗಿ, ಮ್ಯಾಲ ತುಪ್ಪ. ಉಂಡು ಬೇವಿನ ಗಿಡದ ಬುಡಕ ಮಕ್ಕೊಂಡಾನ. ಎದ್ದು ನೋಡಿದ್ರ ತೂಬು ತೆರದಾದ, ಕಾಲುವಿ ಒಣಗ್ಯದ. ಮುಂದ ಅವನ ಹೆಸರ ಹೋಳಿಗ್ಯಪ್ಪ ಆತು.”

“ನೀನೂ ಕಾಯಾಕ ಹೋಗಿದ್ದೇನು?”

“ನಾನೂ ಕೂತೀನಿ. ನಿಮ್ಮ ಕಾಕಾ ಪುಣೆಕ್ಕ ದುಡಿಯಾಕ ಹೋಗಿದ್ದ. ಮನ್ಯಾಗ ಮತ್ಯಾರಿದ್ರು?”

ಸುರಪುರದ ಬಸ್‌ಸ್ಟ್ಯಾಂಡಿನಿಂದ ದೋರನಹಳ್ಳಿಯ ಹುಡುಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಗಾಯ ಮಾಯಿಸುವ ನಿಯಮ ಮೂಲ ಆಟದ ಬುನಾದಿಯಲ್ಲಿತ್ತು. ಯಾರು ಯಾರ ಹೊಟ್ಟೆ ತುಂಬಿಸಬೇಕಾದರೂ ಯಂತ್ರ ಮೊದಲು ‘ಇವನು ತನ್ನ ಪಡೆಯವನೇ?’ ಎಂದು ಕೇಳುತ್ತಿತ್ತು. ಆ ಪ್ರಶ್ನೆಯನ್ನೇ ತೆಗೆಯಬೇಕು.

“ಅಕ್ಕಾ, ನೀವು ಒಂದು ರೊಟ್ಟಿ ಕೇಳಾಕತ್ತೀರಿ. ನಾ ಗಿರಣಿನೇ ಬಿಚ್ಚಿ ಕೂಡಿಸಬೇಕ್ರಿ,” ಎಂದಳು. ಮತ್ತೆ ಅವಳೇ ಹೇಳಿದಳು. “ಇದಕ್ಕ ಕೈ ಹಾಕಿದ್ರ ಹಳೇದು ಮುಗಿಯಂಗಿಲ್ಲ. ಹೊಸದು ಮುಗೀತದ ಅಂತ ನಾ ಹೇಳಂಗಿಲ್ಲ. ಎರಡರಾಗ ಒಂದು ಹೇಳ್ರಿ.”

ಶಹಾಪುರದ ಬಸ್ಸು ಬಂದು ನಿಂತಿತ್ತು. ನಾನು ಬಹಳ ಹೊತ್ತು ಯೋಚಿಸಿದೆ ಎಂದು ನೆನಪು. ಬಸ್ಸು ತಪ್ಪದೆ ಸಿಕ್ಕಿದ್ದು ನೋಡಿದರೆ ಅಷ್ಟೇನೂ ಯೋಚಿಸಿರಲಾರೆ. “ಹೊಸದು,” ಅಂದೆ.

ಮುಂದಿನ ದಿನಗಳಲ್ಲಿ ಆ ಹುಡುಗಿ ಮಾಡಿದ ಕೆಲಸವನ್ನು ನಾನು ಬೆರಗಿನಿಂದಲೇ ನೆನೆಯುತ್ತೇನೆ. ಪ್ರಶ್ನೆಯನ್ನು ತೆಗೆದ ಮೊದಲ ದಿನ ಹಾಸಿನ ಮೇಲಿದ್ದವರೆಲ್ಲ ಎಲ್ಲರಿಗೂ ಉಣಿಸತೊಡಗಿದರು. ಅಳಿಯಂದಿರು ಟೀಚರಿಗೆ, ಟೀಚರು ಸಾಹುಕಾರನಿಗೆ. ತೂಬಿನ ಕಡೆ ಯಾರೂ ಹೋಗಲೇ ಇಲ್ಲ. ಎಂಟು ಸುತ್ತೂ ಊಟದಲ್ಲೇ ಕಳೆದವು. “ಇದು ಯುದ್ಧ ಅಲ್ರಿ, ಬೀಗರ ಊಟ,” ಎಂದರು ಚಿತ್ರದವರು. ಊಟ ಹಾಕಿದ ಮನೆಯ ಜೋಳ ಕಡಿಮೆಯಾಗಬೇಕೆಂದು ನಿಯಮ ಮಾಡಿದೆವು. ಆಗ ಯಂತ್ರ ಲೆಕ್ಕ ಹಾಕಿ, ಎದುರಾಳಿಗಳು ಯಾರೂ ಯಾರಿಗೂ ತುತ್ತು ಹಾಕದಂತೆ ನೋಡಿಕೊಂಡಿತು. ನಮ್ಮ ಮುದುಕ ಮತ್ತೆ ಐದನೆಯ ಸುತ್ತಿಗೆ ಬಿದ್ದ.

ಸಣ್ಣವ್ವನಿಗೆ ಫೋನ್ ಮಾಡಿ, ಊಟ ಹಾಕದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. “ಏನಾಕ್ಕೈತಿ? ಮಾನ ಹೋಕ್ಕೈತಿ. ನಾಳಿ ಅವರ ಎತ್ತು ಕೆಸರಾಗ ಸಿಕ್ಕರ ಹಗ್ಗ ಹಿಡಿಯಾಕ ಒಬ್ಬನೂ ಬರಂಗಿಲ್ಲ,” ಎಂದಳು. ಆ ಮಾತನ್ನು ಹುಡುಗಿ ಹಾಗೆಯೇ ನಿಯಮ ಮಾಡಿದಳು. ಪ್ರತಿ ಮನೆಗೂ ‘ಮಾನ’ ಎಂಬ ಅಂಕ. ಕಾವಲಿಗೆ ಕೂತವನನ್ನು ಉಪವಾಸ ಕೆಡವಿದ ಮನೆಯ ಕರೆಗೆ ನೆರೆಯವರು ಓಗೊಡುವುದಿಲ್ಲ; ಹೊಡೆಯಲು ಕೈ ಎತ್ತಿದವರ ಮಾನವೂ ಹೋಗುತ್ತದೆ. ಅಲ್ಲಿಗೆ ಸಾಹುಕಾರನ ಮನೆಯಲ್ಲಿ ಒಲೆ ಹೊತ್ತಿತು.

ಕೊನೆಗೆ ಹೋಳಿಗ್ಯಪ್ಪ. ಎದುರಾಳಿ ಏನು ಉಣಿಸಬೇಕು ಎಂಬುದನ್ನು ತಾನೇ ಆರಿಸಬಹುದೆಂದು ಮಾಡಿದೆವು. ಬರೀ ರೊಟ್ಟಿ-ಪಲ್ಯ ಹಾಕಿದರೆ ಹೊಟ್ಟೆ ತುಂಬುತ್ತದೆ, ಅಷ್ಟೇ. ಕೆಂಪು ಖಾರ ಮೆತ್ತಿ ಹಾಕಿದರೆ ಕಾವಲುಗಾರ ನೀರು ಹುಡುಕಿಕೊಂಡು ಒಂದು ಸುತ್ತು ತೂಬು ಬಿಟ್ಟು ಓಡುತ್ತಾನೆ. ಹೋಳಿಗೆ-ತುಪ್ಪ ಹಾಕಿದರೆ ಎರಡು ಸುತ್ತು ನಿದ್ದೆ, ಅಷ್ಟರಲ್ಲಿ ತೂಬು ತೆರೆಯುತ್ತದೆ. ಉಣ್ಣುವುದಿಲ್ಲ ಎಂದು ಕಾವಲುಗಾರ ಹೇಳಬಹುದು, ಆದರೆ ಆಗ ಮಾನ ಹೋಗುವುದು ನಮ್ಮದು. ನಾನು ಬರೆದಿದ್ದ ನಗೆಮಾತುಗಳಲ್ಲಿ ಮುಕ್ಕಾಲು ಪಾಲನ್ನು ಕಿತ್ತುಹಾಕಿದೆ. ಅವು ಬೇಕಾಗಿರಲಿಲ್ಲ.

ಕಾಲುವೆ ನಿಲ್ಲುವ ಹಿಂದಿನ ದಿನ ಬೆಳಿಗ್ಗೆ ಅದೇ ನಾಲ್ವರು ವಿದ್ಯಾರ್ಥಿಗಳು ಬಂದರು. ಜೊತೆಗೆ ಮುಖ್ಯಸ್ಥರಿಗೆ ಪರಿಚಯದ, ಕಕ್ಕೇರಾದ ಮೇಷ್ಟ್ರೊಬ್ಬರು. ಮೊದಲ ಸುತ್ತಿನಲ್ಲೇ ಎಲ್ಲರೂ ಹೊಡೆಯಲು ಓಡಿದರು, ಮಾನ ಕಳೆದುಕೊಂಡು ಸೋತರು. ಎರಡನೆಯ ಸಲ ತೂಬುಗಳ ಮೇಲೆ ಕೂತರು. ಆರನೆಯ ಸುತ್ತಿನಲ್ಲಿ, ಅಂಗಿ ಮಾತ್ರ ಬದಲಾಗಿದೆ ಎಂದಿದ್ದ ಹುಡುಗನ ಐಸ್‌ಕ್ಯಾಂಡಿಯವನ ಮುಂದೆ ಸಾಹುಕಾರ ನಗುನಗುತ್ತ ತಟ್ಟೆ ಇಟ್ಟ. ಹೋಳಿಗೆ. ಉಂಡರೆ ನಿದ್ದೆ, ಬಿಟ್ಟರೆ ಮಾನ. ನೀರು ಕಡೆಯ ಹೊಲದಿಂದ ಎರಡೇ ಚೌಕ ದೂರದಲ್ಲಿತ್ತು.

“ತಿನ್ನಬ್ಯಾಡಲೇ, ಅದು ಹೋಳಿಗಿ ಅಲ್ಲ, ನಮ್ಮ ತಿಥಿ,” ಎಂದ ಪಕ್ಕದವ.

“ಬಿಟ್ರ ಸಾಹುಕಾರ ಅತ್ತುಗಿತ್ತಾನು,” ಎಂದ ಇನ್ನೊಬ್ಬ.

ಮೇಷ್ಟ್ರು ಮೂಗಿಗೆ ಕರವಸ್ತ್ರ ಹಿಡಿದು ನಗುತ್ತಿದ್ದರು. ಹುಡುಗ ತಲೆ ಕೆರೆದುಕೊಂಡ. ಕೊನೆಗೆ ಖಾಲಿ ನಿಂತಿದ್ದ, ಕನ್ನಡಕವಿಲ್ಲದ ಮುದುಕನನ್ನು ಪಕ್ಕಕ್ಕೆ ತಂದು ಅವನಿಗೆ ಹೋಳಿಗೆ ಉಣಿಸಿದ. ಒಂದೇ ತಟ್ಟೆಯಲ್ಲಿ ಪಾಲು ಹಂಚಬಹುದೆಂದು ನಮಗೇ ಹೊಳೆದಿರಲಿಲ್ಲ. ಮುದುಕ ಮಲಗಿದ, ಐಸ್‌ಕ್ಯಾಂಡಿಯವನು ಎಚ್ಚರವಾಗಿದ್ದುದರಿಂದ ತೂಬು ಮುಚ್ಚಿಯೇ ಇತ್ತು, ಎಂಟನೆಯ ಸುತ್ತಿಗೆ ಕಡೆಯ ಚೌಕ ನೆನೆಯಿತು. ಮುಖ್ಯಸ್ಥರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. “ಇದು ಕಬೂಲ್,” ಎಂದರು. “ಕನ್ನಡದಾಗ ಮುಂದುವರಿಸೋಣ.”

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೋಗುವ ಮೊದಲು ಮೇಷ್ಟ್ರು, “ಇದು ಛಲೋ ಹೊಳದದ ನಿಮಗ. ನಮ್ಮ ಕಡಿ ಇಂಥ ಪದ್ಧತಿ ನಾ ಕೇಳಿಲ್ಲ,” ಎಂದರು. ಮರುದಿನ ಹುಡುಗಿ ದೋರನಹಳ್ಳಿಯಲ್ಲಿ ತನ್ನ ಅಜ್ಜನನ್ನು ಕೇಳಿಕೊಂಡು ಬಂದಳು. ಕಾವಲಿಗೆ ಹೋಗುತ್ತಿದ್ದುದು ನಿಜ, ಒಮ್ಮೊಮ್ಮೆ ಉಣಿಸುತ್ತಿದ್ದುದೂ ನಿಜ; ಆದರೆ ಅದು ಮನೆ ನೋಡಿ, ಮಂದಿ ನೋಡಿ ಎಂದಿದ್ದರಂತೆ ಅಜ್ಜ.

ಆ ಸಂಜೆ ಡೈರಿ ತೆಗೆದು ಸಣ್ಣವ್ವನ ಮಾತುಗಳನ್ನು ಮತ್ತೆ ಓದಿದೆ. ಉಂಡವನು ಮೇಲಿನ ಓಣಿಯವನು. ಅವಳದು ‘ನಾನೂ ಕೂತೀನಿ’ ಅಷ್ಟೇ. ‘ನಾನೂ ಉಂಡೀನಿ’ ಎಂದು ನನ್ನ ಟಿಪ್ಪಣಿಯಲ್ಲಿ ಎಲ್ಲಿಯೂ ಇಲ್ಲ. ಅವಳು ಹೇಳಿಲ್ಲವೋ, ನಾನು ಬರೆದುಕೊಂಡಿಲ್ಲವೋ. ನಮ್ಮದು ಬುದ್ಧವಿಹಾರದ ಓಣಿ. ಕಾಲುವೆ ಬಂದ ಹೊಸದರಲ್ಲಿ ಮೇಲಿನ ಊರಿನ ಮನೆಗಳಲ್ಲಿ ನಮ್ಮವರಿಗೆ ಕುಡಿಯುವ ನೀರನ್ನೂ ಎತ್ತರದಿಂದ ಬೊಗಸೆಗೆ ಹುಯ್ಯುತ್ತಿದ್ದರು. ಜೊತೆಗೆ ನನಗೊಂದು ನೆನಪಿದೆ. ಅದೂ ತಪ್ಪಿರಬಹುದು, ಆಗ ನನಗೆ ಆರೋ ಏಳೋ ವರ್ಷ. ಶಾಲೆಯ ಸೂಟಿಗೆ ಅವಳ ಊರಿಗೆ ಹೋದಾಗ ಬೆಳಿಗ್ಗೆ ಸಣ್ಣವ್ವ ಕಾಲುವೆಯ ಕಡೆ ನಡೆದು ಹೋಗುತ್ತಿದ್ದಾಳೆ. ಕಂಕುಳಲ್ಲಿ ಬಿಳಿ ಅರಿವೆಯ ರೊಟ್ಟಿಗಂಟು.

ಮುಗಿದ ಆಟವನ್ನು ಅವಳಿಗೆ ತೋರಿಸಲು ಹೋದೆ. ಈ ಸಲ ಸಾಹುಕಾರನ ಕಡೆ ತಾನು ಆಡುತ್ತೇನೆಂದಳು. ಯಂತ್ರದ ಆಳು ಅವಳ ತೂಬಿನ ಮೇಲೆ ಬಂದು ಕೂತಿತು. ಖಾರವೂ ಇತ್ತು, ಹೋಳಿಗೆಯೂ ಇತ್ತು. ಅವಳು ಬೆರಳು ಒರೆಸಿಕೊಂಡು ಬರೀ ರೊಟ್ಟಿ-ಪಲ್ಯ ಆರಿಸಿದಳು. ಮುಂದಿನ ಸುತ್ತಿಗೂ ಅದೇ. ಅದರ ಮುಂದಿನದಕ್ಕೂ ಅದೇ. “ಹಿಂಗಾದ್ರ ನೀ ಸೋಲ್ತೀದಿ ಸಣ್ಣವ್ವ,” ಅಂದೆ. “ಸೋತ್ರ ಸೋಲ್ತೀನಿ ತಗೊ. ಮನಿ ಮುಂದ ಬಂದು ಕೂತಾನ,” ಎಂದಳು.

ಅವಳು ಆಡುತ್ತಿದ್ದಾಗಲೇ ನಾನು ಆ ಪ್ರಶ್ನೆ ಕೇಳಿದೆ. ಕೇಳಿಸಿತೆಂದು ನನಗೆ ಗೊತ್ತು, ಯಾಕೆಂದರೆ ಒರೆಸಿಕೊಳ್ಳುತ್ತಿದ್ದ ಬೆರಳು ಸೆರಗಿನಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಎಷ್ಟೋ ಸಲ ಆ ಊರಿಗೆ ಹೋಗಿ ಬಂದಿದ್ದೇನೆ. ಮತ್ತೆ ಕೇಳಿಲ್ಲ, ಅವಳೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟು:

“ಸಣ್ಣವ್ವ, ಅವರು ರೊಟ್ಟಿ ಕೊಡ್ತಿದ್ರ, ಆ ಗಂಟು ಯಾಕ ಒಯ್ತಿದ್ದಿ?”